ಅಳೆದು ತೂಗಿ: ಕಪ್, ಕುಡ್ತೆ, ಗ್ರಾಂ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಗೆ ಅಡುಗೆ ಕಲಿಯಲು ಬರುವವರು, ಪರವೂರಿನಿಂದ ಫೋನ್ ಮಾಡುವ ಬಂಧುಗಳು, ಹೊಸದಾಗಿ ಸಂಸಾರ ಹೂಡಿದ ಹುಡುಗ ಹುಡುಗಿಯರು ಎಲ್ಲರೂ ತಿರುಗಿ ತಿರುಗಿ ಕೇಳುವುದು ಅಳತೆಯ ಪ್ರಶ್ನೆಗಳನ್ನೇ. ರುಚಿ ಹೇಗೋ ಕೈಗೆ ಹತ್ತುತ್ತದೆ. ಕಪ್ಪಿನಿಂದ ಗ್ರಾಂಗೆ, ಗ್ರಾಂನಿಂದ ಕುಡ್ತೆಗೆ ದಾಟುವಾಗ ಲೆಕ್ಕ ತಪ್ಪುತ್ತದೆ, ಹಿಟ್ಟು ಕೆಡುತ್ತದೆ, ಮನಸ್ಸು ಮುದುಡುತ್ತದೆ. ಅವರಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಬೇರೆ ಹೇಳದಿದ್ದಲ್ಲಿ ಕಪ್ ಎಂದರೆ 240 ಮಿ.ಲೀ., ಚಮಚ ಎಂದರೆ ಅಂಚಿಗೆ ಸಮವಾಗಿ ತುಂಬಿದ ಚಮಚ.

ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಯಾವುದರ ಕಪ್ ಎಂದು ಹೇಳದೆ ಇದಕ್ಕೆ ಉತ್ತರ ಕೊಡಲಾಗದು. ಕಪ್ ಅಳೆಯುವುದು ಜಾಗವನ್ನು, ಗ್ರಾಂ ಅಳೆಯುವುದು ಭಾರವನ್ನು. ಒಂದೇ ಕಪ್ಪಿಗೆ ನೀರು ತುಂಬಿದರೆ 240 ಗ್ರಾಂ, ಸಕ್ಕರೆ ತುಂಬಿದರೆ 200, ಮೈದಾ ಸುಮಾರು 125, ಆಗಷ್ಟೇ ತುರಿದ ತೆಂಗಿನಕಾಯಿಯನ್ನು ಒತ್ತದೆ ಹಾಕಿದರೆ 80ರ ಆಸುಪಾಸು, ಜೇನುತುಪ್ಪವಾದರೆ 340. ತುರಿಯ ಎಳೆಗಳ ನಡುವೆ ಗಾಳಿಯೇ ತುಂಬಿರುತ್ತದೆ. ಜೇನಿನಲ್ಲಿ ಅಂಥ ಸಂದು ಇಲ್ಲ, ಅದು ನೀರಿಗಿಂತಲೂ ಭಾರ. ಲೆಕ್ಕ ಮಾಡುವವರಿಗೆ ಸೂತ್ರ ಸರಳ: ಮಿ.ಲೀ. ಸಂಖ್ಯೆಯನ್ನು ಆ ಪದಾರ್ಥದ ಸಾಂದ್ರತೆಯಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ನೀರಿನ ಸಾಂದ್ರತೆ 1. ಹಾಲಿನದು 1.03, ಅಡುಗೆ ಎಣ್ಣೆಗಳದು 0.91ರಿಂದ 0.92. ದ್ರವಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಬಹುದು. ಹಿಟ್ಟು, ತುರಿ, ಸೊಪ್ಪುಗಳಿಗೆ ನಂಬಲಾಗದು. ಏಕೆಂದು ಮುಂದೆ ಮೈದಾದ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಪಾಕವಿಧಾನದಲ್ಲಿ ಹೇಳುವ ಕಪ್ ಎಲ್ಲ ಕಡೆಯೂ ಒಂದೇ ಅಲ್ಲವೇ?

ಅಲ್ಲ. ಅಮೆರಿಕದ ಅಡುಗೆಯ ಕಪ್ 236.6 ಮಿ.ಲೀ.; ಅದನ್ನೇ 240 ಎಂದು ಹಿಡಿಯುತ್ತಾರೆ. ಆಸ್ಟ್ರೇಲಿಯದ ಕಪ್ 250. ಬ್ರಿಟನ್ನಿನ ಹಳೆಯ ಕಪ್ 284. ಜಪಾನಿನದು 200. ವಿದ್ಯುತ್ ರೈಸ್ ಕುಕ್ಕರ್ ಜೊತೆಗೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಮಿ.ಲೀ., ಅದರಲ್ಲಿ ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತದೆ. ಇದನ್ನು ಸಾಧಾರಣ ಕಪ್ ಎಂದು ತಿಳಿದು ನೀರುದೋಸೆಗೆ ಅಕ್ಕಿ ಅಳೆದು, ನೀರನ್ನು ಬೇರೆ ಕಪ್ಪಿನಲ್ಲಿ ಅಳೆದರೆ ಹಿಟ್ಟು ಮಜ್ಜಿಗೆಯಂತಾಗಿ ಕಾವಲಿಗೆ ಅಂಟುತ್ತದೆ.

ಚಮಚದಲ್ಲೂ ವ್ಯತ್ಯಾಸವಿದೆ. ಟೀ ಚಮಚ ಎಲ್ಲೆಡೆ 5 ಮಿ.ಲೀ. ದೊಡ್ಡ ಚಮಚ ನಮ್ಮಲ್ಲಿ 15, ಆಸ್ಟ್ರೇಲಿಯದಲ್ಲಿ 20. ಅಲ್ಲಿನ ಕೇಕ್ ಪಾಕವನ್ನು ಇಲ್ಲಿ ಮಾಡುವವರು ಇದನ್ನು ನೆನಪಿಡಬೇಕು. ಊಟದ ಮನೆಯಲ್ಲಿ ಬಳಸುವ ಸ್ಟೀಲ್ ಚಮಚಗಳು ಅಳತೆಗೆ ಮಾಡಿದವಲ್ಲ. ಔಷಧಿ ಬಾಟಲಿಯ ಗೆರೆ ಹಾಕಿದ ಮುಚ್ಚಳದಲ್ಲಿ 5 ಮಿ.ಲೀ. ನೀರು ಹಿಡಿದು ಚಮಚಕ್ಕೆ ಸುರಿದು ನೋಡಿ.

ಅಜ್ಜಿಯ ಪುಸ್ತಕದಲ್ಲಿ ಕುಡ್ತೆ, ಸೇರು ಎಂದಿದೆ. ಇದನ್ನು ಗ್ರಾಂಗೆ ಹೇಗೆ ತರುವುದು?

ನನಗೆ ಬಹಳ ಪ್ರೀತಿಯ ಪ್ರಶ್ನೆ ಇದು. ಕುಡ್ತೆ ಎಂದರೆ ಕಾಲು ಸೇರು. ಘಟ್ಟದ ಮೇಲಿನವರು ಪಾವು ಎನ್ನುವ ಜಾಗದಲ್ಲಿ ನಾವು ಕುಡ್ತೆ ಎನ್ನುತ್ತೇವೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಒಂದು ಅಕ್ಕಿಮುಡಿಗೆ 42 ಸೇರು ಎಂಬುದು ನಮ್ಮ ಹಿರಿಯರ ಬಾಯಿಲೆಕ್ಕ.

ಗೊಂದಲವಾಗುವುದು ಎಲ್ಲಿ ಎಂದರೆ, ಸೇರು ಎಂಬ ಒಂದೇ ಹೆಸರಿನಲ್ಲಿ ಎರಡು ಸಂಗತಿಗಳಿದ್ದವು. ತೂಕದ ಸೇರು 80 ತೊಲ, ಅಂದರೆ 933 ಗ್ರಾಂ. ಅಳತೆಯ ಸೇರು ಒಂದು ಪಾತ್ರೆ. ಅಂಗಡಿಯಲ್ಲಿ ಬೆಲ್ಲ ಕೊಂಡದ್ದು ತೂಕದ ಲೆಕ್ಕದಲ್ಲಿ, ಅಕ್ಕಿ ಅಳೆದದ್ದು ಪಾತ್ರೆಯ ಲೆಕ್ಕದಲ್ಲಿ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ದೇಶವೆಲ್ಲ ಕಿಲೋಗ್ರಾಂಗೆ ತಿರುಗಿತು. ಅಂಗಡಿಯ ಸೇರು ಹೋಯಿತು, ಅಡುಗೆಮನೆಯ ಸೇರು ಉಳಿಯಿತು. ಆದ್ದರಿಂದ ಹಳೆಯ ಪುಸ್ತಕದಲ್ಲಿ ‘ಒಂದು ಸೇರು ಅಕ್ಕಿ’ ಎಂದಿದ್ದರೆ ಪಾತ್ರೆ ಎಂದೇ ತಿಳಿಯಿರಿ. ‘ಒಂದು ಸೇರು ಬೆಲ್ಲ’ ಎಂದಿದ್ದರೆ ಬಹುಮಟ್ಟಿಗೆ ತೂಕ.

ಇನ್ನು ಪಾತ್ರೆಯ ಸೇರು, ಕುಡ್ತೆಗಳು ಮನೆಯಿಂದ ಮನೆಗೆ ಬೇರೆ. ನನ್ನ ತವರಿನ ಹಿತ್ತಾಳೆ ಕುಡ್ತೆಯನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಅಂಚಿನವರೆಗೆ ನೀರು ಹೊಯ್ದೆ: 244 ಗ್ರಾಂ. ಗಂಡನ ಮನೆಯ ಕುಡ್ತೆಗೆ ಹೊಯ್ದೆ: 272. ಹದಿನೈದು ವರ್ಷ ನಾನು ಅಮ್ಮನ ಪಾಯಸದ ಲೆಕ್ಕವನ್ನು ಅತ್ತೆಯ ಕುಡ್ತೆಯಲ್ಲಿ ಅಳೆಯುತ್ತಿದ್ದೆ. ಅಕ್ಕಿಗೂ ಬೆಲ್ಲಕ್ಕೂ ಅದೇ ಕುಡ್ತೆಯಾದ್ದರಿಂದ ಪಾಯಸ ಕೆಟ್ಟಿರಲಿಲ್ಲ. ಹಾಲನ್ನು ಮಾತ್ರ ಅರ್ಧ ಲೀಟರ್ ಪ್ಯಾಕೆಟ್ಟಿನ ಲೆಕ್ಕದಲ್ಲಿ ಹಾಕುತ್ತಿದ್ದುದರಿಂದ ಪ್ರತಿ ಸಲವೂ ಗಟ್ಟಿಯಾಗುತ್ತಿತ್ತು.

ನೀವು ಮಾಡಬೇಕಾದ್ದು ಇಷ್ಟೇ. ನಿಮ್ಮ ಮನೆಯ ಪಾತ್ರೆಗೆ ಹಿಡಿಯುವ ನೀರಿನ ತೂಕ ನೋಡಿ. ಎಷ್ಟು ಗ್ರಾಂ ನೀರೋ ಅಷ್ಟೇ ಮಿ.ಲೀ. ಪಾತ್ರೆ. ಆ ಸಂಖ್ಯೆಯನ್ನು ಅಜ್ಜಿಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಬಳಿಕ ಅದೇ ಪಾತ್ರೆಯಲ್ಲಿ ಅಕ್ಕಿ, ಉದ್ದು, ಬೆಲ್ಲ ತುಂಬಿ ತೂಗಿ. ಒಂದು ಮಧ್ಯಾಹ್ನದ ಕೆಲಸ. ಇನ್ನೊಂದು ವಿಷಯವನ್ನು ಹಿರಿಯರಲ್ಲಿ ಕೇಳಿಯೇ ತಿಳಿಯಬೇಕು: ಅವರು ಅಳೆಯುವಾಗ ಗೋಪುರದಂತೆ ತುಂಬುತ್ತಿದ್ದರೋ, ಕೈಯಿಂದ ಸವರಿ ಸಮ ಮಾಡುತ್ತಿದ್ದರೋ? ಗೋಪುರ ಕಟ್ಟಿದರೆ ಅಕ್ಕಿ ಒಂದು ಹಿಡಿಯಷ್ಟು ಹೆಚ್ಚೇ ನಿಲ್ಲುತ್ತದೆ.

ಮೈದಾವನ್ನು ಕಪ್ಪಿನಲ್ಲಿ ಅಳೆದರೆ ಪ್ರತಿ ಸಲ ಬೇರೆ ಬೇರೆ ಆಗುತ್ತದೆ, ಏಕೆ?

ಹಿಟ್ಟು ಒತ್ತಿದರೆ ಕುಗ್ಗುತ್ತದೆ, ಜರಡಿ ಹಿಡಿದರೆ ಹಿಗ್ಗುತ್ತದೆ. ಮಸ್ಕತ್ತಿನಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ಫೋನ್ ಮಾಡಿ, “ದೊಡ್ಡಮ್ಮ, ನೀವು ಹೇಳಿದ ಹಾಗೆಯೇ ಮಾಡಿದೆ, ಬನ್ಸ್ ಉಬ್ಬಲೇ ಇಲ್ಲ, ಕಲ್ಲಿನ ಹಾಗಿದೆ” ಎಂದಳು. ಬಾಳೆಹಣ್ಣು, ಮೊಸರು, ಸೋಡ ಎಲ್ಲ ಸರಿ ಇತ್ತು. ವಿಡಿಯೊದಲ್ಲಿ ಅಳೆದು ತೋರಿಸು ಎಂದೆ. ಅವಳು ಕಪ್ಪನ್ನು ಮೈದಾದ ಡಬ್ಬಿಯೊಳಗೆ ಅದ್ದಿ, ಡಬ್ಬಿಯ ಗೋಡೆಗೆ ಒತ್ತಿ ಮೇಲೆತ್ತಿದಳು.

ಅಂದೇ ಸಂಜೆ ನಾನು ಮೂರು ಬಗೆಯಲ್ಲಿ ತೂಗಿ ನೋಡಿದೆ. ಚಮಚದಿಂದ ಮೆಲ್ಲಗೆ ಹಾಕಿ ಚಾಕುವಿನ ಬೆನ್ನಿನಿಂದ ಸವರಿದಾಗ 124 ಗ್ರಾಂ. ಕಪ್ಪನ್ನೇ ಅದ್ದಿ ಸವರಿದಾಗ 143. ಅವಳಂತೆ ಒತ್ತಿ ತೆಗೆದಾಗ 157. ಎರಡು ಕಪ್ಪಿಗೆ 66 ಗ್ರಾಂ ಮೈದಾ ಹೆಚ್ಚು, ಅಂದರೆ ಅರ್ಧ ಕಪ್ಪಿಗೂ ಮಿಕ್ಕಿ. ಬನ್ಸಿನ ಹಿಟ್ಟು ಕೈಗೆ ತುಸು ಅಂಟುವಷ್ಟು ಮೆತ್ತಗಿರಬೇಕು. ಇಷ್ಟು ಮೈದಾ ಬಿದ್ದ ಮೇಲೆ ಅದು ಉಬ್ಬುವುದಾದರೂ ಹೇಗೆ? ಈಗ ಅವಳು 250 ಗ್ರಾಂ ಮೈದಾ, ಸಿಪ್ಪೆ ತೆಗೆದ 200 ಗ್ರಾಂ ಹಣ್ಣು ಎಂದು ತೂಗಿಯೇ ಹಾಕುತ್ತಾಳೆ. ಹಣ್ಣನ್ನೂ ತೂಗಲು ಹೇಳಿದ್ದಕ್ಕೆ ಕಾರಣವಿದೆ. ‘ಎರಡು ಬಾಳೆಹಣ್ಣು’ ಎಂದರೆ ನಮ್ಮಲ್ಲಿ ಕದಳಿ ಒಂದು ಗಾತ್ರ, ಪಚ್ಚೆಬಾಳೆ ಇನ್ನೊಂದು ಗಾತ್ರ.

ತಕ್ಕಡಿ ಇಲ್ಲದವರು ಹಿಟ್ಟನ್ನು ಚಮಚದಿಂದಲೇ ತುಂಬಿ, ಕುಟ್ಟದೆ, ತಟ್ಟದೆ ಸವರಲಿ.

ದಿನನಿತ್ಯದ ಪದಾರ್ಥಗಳು ಒಂದು ಕಪ್ಪಿಗೆ ಎಷ್ಟು ತೂಗುತ್ತವೆ?

ಇವು ಅಂದಾಜಿನ ಸಂಖ್ಯೆಗಳು. ಐದು ಹತ್ತು ಗ್ರಾಂ ಆಚೀಚೆ ಆಗುವುದು ಸಹಜ.

ಕಾಳು, ಬೇಳೆಗಳದು ಸುಲಭ: ಬೆಳ್ತಿಗೆ ಅಕ್ಕಿ, ಕುಚ್ಚಲಕ್ಕಿ, ಉದ್ದಿನಬೇಳೆ, ತೊಗರಿಬೇಳೆ ಎಲ್ಲವೂ 190ರಿಂದ 200 ಗ್ರಾಂ ಒಳಗೇ ಬರುತ್ತವೆ. ಅವಸರದಲ್ಲಿದ್ದರೆ 200 ಎಂದೇ ಹಿಡಿಯಿರಿ. ರವೆ 165ರಿಂದ 175. ಗೋಧಿಹಿಟ್ಟು, ರಾಗಿಹಿಟ್ಟು ಮೈದಾದ ಹಾಗೆಯೇ 120ರಿಂದ 130. ಕಡಲೆಹಿಟ್ಟು ಹಗುರ, 95ರಿಂದ 100; ಗೋಳಿಬಜೆಗೆ ಮೈದಾದ ಜೊತೆ ಕಡಲೆಹಿಟ್ಟು ಬೆರೆಸುವವರು ಇದನ್ನು ಗಮನಿಸಿ.

ಸಕ್ಕರೆ 200. ಬೆಲ್ಲದ ಲೆಕ್ಕ ಬೆಲ್ಲದ ರೂಪದ ಮೇಲೆ ನಿಂತಿದೆ: ಹೆರೆದು ಸಡಿಲವಾಗಿ ಹಾಕಿದರೆ 150, ಒತ್ತಿದರೆ 200, ಜೋನಿಬೆಲ್ಲವಾದರೆ 320ಕ್ಕೂ ಹೆಚ್ಚು. ಅಚ್ಚುಬೆಲ್ಲದ ಬದಲಿಗೆ ಜೋನಿಬೆಲ್ಲವನ್ನು ಕಪ್ಪಿಗೆ ಕಪ್ ಎಂದು ಹಾಕಿದರೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಬೆಲ್ಲವನ್ನು ಯಾವಾಗಲೂ ತೂಗಿ ಹಾಕಿ ಎಂಬುದೇ ನನ್ನ ಸಲಹೆ.

ಹಾಲು, ಮೊಸರು 245ರ ಸುತ್ತ. ತೆಂಗಿನೆಣ್ಣೆ, ತುಪ್ಪ 220ರ ಸುತ್ತ. ಬೆಣ್ಣೆ 227.

‘ಒಂದು ಕಡಿ ತೆಂಗಿನಕಾಯಿ’ ಎಂದರೆ ಎಷ್ಟು?

ಕಡಿ ಎಂದರೆ ಒಡೆದ ಕಾಯಿಯ ಒಂದು ಹೋಳು, ಅರ್ಧ ಕಾಯಿ. ಸುಲಿದ ನಡುಗಾತ್ರದ ಕಾಯಿ 500ರಿಂದ 600 ಗ್ರಾಂ ತೂಗುತ್ತದೆ. ಅದರಲ್ಲಿ ಚಿಪ್ಪು, ನೀರು ಕಳೆದು, ಚಿಪ್ಪಿಗೆ ಅಂಟಿದ ಕಂದು ಸಿಪ್ಪೆ ತಾಗದಂತೆ ತುರಿದರೆ 200ರಿಂದ 250 ಗ್ರಾಂ ತುರಿ ಸಿಗುತ್ತದೆ. ಹಾಗಾಗಿ ಒಂದು ಕಡಿ ಎಂದರೆ 100ರಿಂದ 125 ಗ್ರಾಂ. ಕಪ್ಪಿನಲ್ಲಿ ಹೇಳಬೇಕಾದರೆ ಸಡಿಲವಾಗಿ ತುಂಬಿ ಸುಮಾರು ಒಂದೂವರೆ ಕಪ್.

ಮಣೆಯಲ್ಲಿ ಕೂತು ತುರಿದ ಕಾಯಿಯೂ ಮಿಕ್ಸಿಯಲ್ಲಿ ಹೋಳು ಹಾಕಿ ಪುಡಿ ಮಾಡಿದ ಕಾಯಿಯೂ ಕಪ್ಪಿನಲ್ಲಿ ಒಂದೇ ಅಲ್ಲ. ಮಿಕ್ಸಿಯದು ನುಣ್ಣಗೆ, ಕಪ್ಪಿನಲ್ಲಿ ಒತ್ತಾಗಿ ಕೂರುತ್ತದೆ. ಅಂಗಡಿಯ ಒಣ ಕೊಬ್ಬರಿ ತುರಿಯ ಮಾತು ಬೇರೆಯೇ. ತಾಜಾ ಕಾಯಿಯಲ್ಲಿ ಅರ್ಧದಷ್ಟು ನೀರಿನಂಶವಿದೆ, ಒಣ ತುರಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಾಯಿ ಅರೆದು ಮಾಡುವ ಗಟ್ಟಿ ಸಾರಾದ ಗಸಿಗೆ 100 ಗ್ರಾಂ ತಾಜಾ ತುರಿಯ ಜಾಗದಲ್ಲಿ 50 ಗ್ರಾಂ ಒಣ ತುರಿಯನ್ನು ಅಷ್ಟೇ ತೂಕದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಅರೆಯಿರಿ. ಪರದೇಶದಲ್ಲಿರುವವರಿಗೆ ಇದು ಅನಿವಾರ್ಯ, ತಾಜಾ ಕಾಯಿಯ ರುಚಿ ಬರುವುದಿಲ್ಲ ಎಂಬುದೂ ನಿಜ.

ಇಡ್ಲಿಗೆ ‘ಒಂದಕ್ಕೆ ಎರಡು’ ಎನ್ನುತ್ತಾರೆ. ಇದು ತೂಕದ ಲೆಕ್ಕವೋ ಪಾತ್ರೆಯ ಲೆಕ್ಕವೋ?

ಪಾತ್ರೆಯ ಲೆಕ್ಕ. ಒಂದು ಪಾತ್ರೆ ಉದ್ದಿಗೆ ಎರಡು ಪಾತ್ರೆ ಅಕ್ಕಿತರಿ. ಉದ್ದು ಕಪ್ಪಿಗೆ 200 ಗ್ರಾಂ, ಅಕ್ಕಿತರಿ 175ರಷ್ಟು. ಆದ್ದರಿಂದ ತೂಕದಲ್ಲಿ ಅದು 200ಕ್ಕೆ 350, ಒಂದಕ್ಕೆ ಒಂದೂಮುಕ್ಕಾಲು. ಇದನ್ನು ತಿಳಿಯದೆ 200 ಗ್ರಾಂ ಉದ್ದಿಗೆ 400 ಗ್ರಾಂ ತರಿ ತೂಗಿ ಹಾಕುವವರಿಗೆ ಇಡ್ಲಿ ಗಟ್ಟಿಯಾಗುತ್ತದೆ. ಆಗ ಉದ್ದು ಹಳೆಯದು, ಚಳಿ ಜಾಸ್ತಿ, ಗ್ರೈಂಡರ್ ಸರಿಯಿಲ್ಲ ಎಂದು ಬೇರೆಲ್ಲವನ್ನೂ ದೂರುತ್ತಾರೆ. ಇಡೀ ಅಕ್ಕಿಯನ್ನು ನೆನೆಸಿ ಅರೆಯುವವರಿಗೆ ಈ ತೊಂದರೆ ಇಲ್ಲ. ಅಕ್ಕಿಯೂ ಉದ್ದೂ ಕಪ್ಪಿಗೆ ಹೆಚ್ಚುಕಡಿಮೆ ಒಂದೇ ತೂಕವಾದ್ದರಿಂದ ಪಾತ್ರೆಯಲ್ಲಿ ಅಳೆದರೂ ತಕ್ಕಡಿಯಲ್ಲಿ ತೂಗಿದರೂ ಒಂದಕ್ಕೆ ಎರಡು ಒಂದಕ್ಕೆ ಎರಡೇ.

ಅಳತೆಯೆಲ್ಲ ಒಣಗಿದ್ದಾಗಲೇ ಆಗಬೇಕು. ನೆನೆದ ಉದ್ದು ತೂಕದಲ್ಲಿ ಇಮ್ಮಡಿಯಾಗುತ್ತದೆ, ಅಕ್ಕಿ ಕಾಲುಭಾಗದಷ್ಟು ಮಾತ್ರ ಹೆಚ್ಚುತ್ತದೆ. ನೆನೆದ ಮೇಲೆ ಅಳೆದರೆ ಲೆಕ್ಕವೆಲ್ಲ ಏರುಪೇರು. ಹಾಗೆಯೇ ಹುದುಗಿದ ಹಿಟ್ಟನ್ನು ಕಪ್ಪಿನಲ್ಲಿ ಅಳೆಯಬೇಡಿ, ಅರ್ಧ ಗಾಳಿಯೇ ಇರುತ್ತದೆ. ಎಲೆಯಲ್ಲಿ ಹೊಯ್ದು ಬೇಯಿಸುವ ಇಡ್ಲಿಗಳಾದ ಮೂಡೆಗೋ ಕೊಟ್ಟಿಗೆಗೋ ಸಮನಾಗಿ ಹಂಚಬೇಕಾದರೆ ಹಿಟ್ಟನ್ನು ತೂಗಿ ಹಾಕಿ. ಮುಂಡೇವಿನ ಎಲೆಯ ಒಂದೊಂದು ಮೂಡೆಗೂ ಅಷ್ಟಷ್ಟೇ ಗ್ರಾಂ ಬಿದ್ದರೆ ಎಲ್ಲವೂ ಒಟ್ಟಿಗೇ ಬೇಯುತ್ತವೆ.

ಎಣ್ಣೆಯ ಒಂದು ಲೀಟರ್, ಒಂದು ಕಿಲೋ ಒಂದೇ ಅಲ್ಲವೇ?

ಒಂದೇ ಅಲ್ಲ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ. ಪ್ಯಾಕೆಟ್ಟಿನ ಮೇಲೆ ಎರಡೂ ಅಚ್ಚಾಗಿರುತ್ತದೆ, ಓದಿ. ಗಾಣದವರು ತೂಗಿ ಕೊಡುವ ಒಂದು ಕಿಲೋ ತೆಂಗಿನೆಣ್ಣೆ ಒಂದು ಲೀಟರ್ ಬಾಟಲಿಗೆ ತುಂಬಿ, ಇನ್ನೂ 90 ಮಿ.ಲೀ.ನಷ್ಟು ಉಳಿಯುತ್ತದೆ. ಬೆಲೆ ಹೋಲಿಸುವಾಗಲೂ ಇದು ಗೊತ್ತಿರಲಿ. ತುಪ್ಪವನ್ನು ಕರಗಿಸಿಯೇ ಚಮಚದಲ್ಲಿ ಅಳೆಯಿರಿ. ಹರಳುಗಟ್ಟಿದ ತುಪ್ಪ ಚಮಚದ ಮೇಲೆ ಗುಡ್ಡೆಯಾಗಿ ನಿಲ್ಲುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಕರಾವಳಿಯಲ್ಲಿ ಆ ಚಿಂತೆ ಕಡಿಮೆ, ಬೆಂಗಳೂರಿನ ಡಿಸೆಂಬರಿನಲ್ಲಿ ಉಂಟು.

ಉಪ್ಪು, ಮೆಣಸು, ಹುಳಿಗಳಿಗೂ ತಕ್ಕಡಿ ಬೇಕೇ?

ದಿನದ ಸಾರಿಗೆ ಬೇಡ. ನಾಲಿಗೆಯೇ ತಕ್ಕಡಿ. ಆದರೆ ಒಂದು ಎಚ್ಚರ: ಪುಡಿ ಉಪ್ಪು ಟೀ ಚಮಚಕ್ಕೆ 6 ಗ್ರಾಂ ಹಿಡಿದರೆ, ಹರಳುಪ್ಪು ಸಂದು ಬಿಡುವುದರಿಂದ ಅಷ್ಟು ಹಿಡಿಯುವುದಿಲ್ಲ. ಹರಳುಪ್ಪಿನ ಲೆಕ್ಕವನ್ನು ಪುಡಿ ಉಪ್ಪಿಗೆ ಹಾಗೆಯೇ ಹಚ್ಚಿದರೆ ಉಪ್ಪು ಮುಂದಾಗುತ್ತದೆ.

ಮಾವಿನಮಿಡಿ ಉಪ್ಪಿನಕಾಯಿಗೆ ಮಾತ್ರ ಉಪ್ಪನ್ನು ತೂಗಲೇಬೇಕು ಎನ್ನುತ್ತೇನೆ. ಅಲ್ಲಿ ಉಪ್ಪು ರುಚಿಗಷ್ಟೇ ಇರುವುದಲ್ಲ, ವರ್ಷವಿಡೀ ಕೆಡದಂತೆ ಕಾಯುವುದೂ ಅದೇ. ಮಿಡಿಯ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಹರಳುಪ್ಪು ಇರಲಿ. ಮಿಡಿಗಳು ಚಿಕ್ಕವೋ ದೊಡ್ಡವೋ ಎಂಬುದರ ಮೇಲೆ ಪಾತ್ರೆಯ ಅಳತೆ ತಪ್ಪುತ್ತದೆ, ತೂಕ ತಪ್ಪುವುದಿಲ್ಲ.

ಬ್ಯಾಡಗಿ ಮೆಣಸು ಒಂದಕ್ಕೆ ಸುಮಾರು 1 ಗ್ರಾಂ. ಕೋರಿ ಗಸಿಗೆ ‘ಇಪ್ಪತ್ತು ಮೆಣಸು’ ಎಂದಿದ್ದರೆ 20 ಗ್ರಾಂ ತೂಗಿದರಾಯಿತು. ‘ನಿಂಬೆಗಾತ್ರದ ಹುಣಸೆ’ ಎಂದರೆ 20ರಿಂದ 25 ಗ್ರಾಂ. ಹುರಿಯುವ ಮೊದಲು ಕೊತ್ತಂಬರಿ ಟೀ ಚಮಚಕ್ಕೆ 2 ಗ್ರಾಂಗಿಂತ ತುಸು ಕಡಿಮೆ, ಜೀರಿಗೆ 2, ಮೆಂತ್ಯ 3.5ಕ್ಕೂ ಮೇಲೆ. ಸಾರಿನ ಪುಡಿಯನ್ನು ಹತ್ತುಪಟ್ಟು ಮಾಡುವಾಗ ಕಹಿಯಾಗುವುದು ಮೆಂತ್ಯದ ಚಮಚ ಗುಡ್ಡೆಯಾದದ್ದರಿಂದ. ದೊಡ್ಡ ಪ್ರಮಾಣಕ್ಕೆ ಅದೊಂದನ್ನಾದರೂ ತೂಗಿ.

ಮಳೆಗಾಲದಲ್ಲಿ ಅಳತೆ ಬದಲಾಗುತ್ತದೆಯೇ?

ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲೇ ನೀರು. ಉಪ್ಪು ಜಿನುಗುತ್ತದೆ, ಬೆಲ್ಲ ಬೆವರುತ್ತದೆ, ಹಿಟ್ಟು ತೇವ ಹೀರಿ ಕಪ್ಪಿನಲ್ಲಿ ಗಂಟುಗಂಟಾಗಿ ಕೂರುತ್ತದೆ. ತೂಗಿ ಹಾಕಿದರೂ ಆ ತೂಕದಲ್ಲಿ ತುಸು ನೀರು ಸೇರಿರುತ್ತದೆ. ಹಾಗಾಗಿ ಆಟಿಯ ತಿಂಗಳಲ್ಲಿ ಚಪಾತಿಗೋ ಬನ್ಸಿಗೋ ಹಿಟ್ಟು ಕಲಸುವಾಗ ಹೇಳಿದ ನೀರಿನಲ್ಲಿ ಎರಡು ಚಮಚ ಕೈಯಲ್ಲೇ ಉಳಿಸಿಕೊಳ್ಳಿ, ಬೇಕಾದರೆ ಮಾತ್ರ ಹಾಕಿ. ಪತ್ರೊಡೆಯ ಹಿಟ್ಟಿಗೂ ಇದೇ ಮಾತು: ಮಳೆಯಲ್ಲಿ ಕೊಯ್ದ ಕೆಸುವಿನ ಎಲೆಯನ್ನು ಒರೆಸದೆ ಹಚ್ಚಿದರೆ ಎಲೆಯ ನೀರೇ ಹಿಟ್ಟನ್ನು ಸಡಿಲ ಮಾಡುತ್ತದೆ.

ಹಳೆಯ ಕ್ರಿಸ್ಮಸ್ ಪಾಕದಲ್ಲಿ ರಾತ್ಲು, ಔನ್ಸ್ ಎಂದಿದೆ. ಅದೇನು?

ಮಂಗಳೂರಿನ ಕ್ರೈಸ್ತ ಗೆಳತಿಯರು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡುವ ಕಾಲಕ್ಕೆ ಅಮ್ಮಂದಿರ ಕೈಬರಹದ ಪುಟಗಳನ್ನು ತಂದು ಕೇಳುತ್ತಾರೆ. ರಾತ್ಲು ಎಂದರೆ ಪೌಂಡ್, 453.6 ಗ್ರಾಂ. ಹದಿನಾರು ಔನ್ಸ್ ಸೇರಿದರೆ ಒಂದು ಪೌಂಡ್. ಒಂದು ಔನ್ಸ್ 28.35 ಗ್ರಾಂ. ದ್ರವದ ಔನ್ಸ್ ಎಂಬುದು ಬೇರೆ, ಅದು ಪಾತ್ರೆಯ ಅಳತೆ: ಬ್ರಿಟನ್ನಿನದು 28.4 ಮಿ.ಲೀ., ಅಮೆರಿಕದ್ದು 29.6. ಹಿಟ್ಟು, ದ್ರಾಕ್ಷಿಗಳ ಮುಂದೆ ಔನ್ಸ್ ಎಂದಿದ್ದರೆ ತೂಕ. ಹಾಲು, ರಮ್‌ಗಳ ಮುಂದೆ ಇದ್ದರೆ ಪಾತ್ರೆ. ಪೈಂಟ್ ಎಂದಿದ್ದರೆ ಹಳೆಯ ಪುಟಗಳಲ್ಲಿ ಬ್ರಿಟನ್ನಿನ 568 ಮಿ.ಲೀ. ಎಂದೇ ತಿಳಿಯುವುದು ಸರಿ.

ಕೊಂಡ ತಕ್ಕಡಿ ಸರಿಯಾಗಿದೆಯೇ ಎಂದು ಹೇಗೆ ನೋಡುವುದು?

ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡಿ. ಹಾಲು ನೀರಿಗಿಂತ ಭಾರವಾದ್ದರಿಂದ 515 ಗ್ರಾಂ ಹಾಲು, ಅದರ ಮೇಲೆ ಪ್ಲಾಸ್ಟಿಕ್ಕಿನ ಎರಡು ಮೂರು ಗ್ರಾಂ ತೋರಿಸಬೇಕು. 500 ತೋರಿಸಿತೆಂದು ಸಮಾಧಾನ ಪಡಬೇಡಿ, ಆಗಲೇ ಅನುಮಾನಿಸಬೇಕು. ಒಂದು ಗ್ರಾಂ ತೋರಿಸುವ, ಐದು ಕಿಲೋವರೆಗೆ ತೂಗುವ ಡಿಜಿಟಲ್ ತಕ್ಕಡಿ ಮನೆಗೆ ಧಾರಾಳ. ಸೋಡ, ಇಂಗುಗಳಂಥ ಚಿಟಿಕೆಯ ಲೆಕ್ಕವನ್ನು ಅದು ಹಿಡಿಯುವುದಿಲ್ಲ. ಅವಕ್ಕೆ ಚಮಚವೇ ಸರಿ.

ಅಮ್ಮ ಕಣ್ಣಂದಾಜಿನಲ್ಲಿ ಮಾಡುತ್ತಾರೆ, ಕೇಳಿದರೆ ‘ಹಾಗೇ ಹಾಕುವುದು’ ಎನ್ನುತ್ತಾರೆ. ಬರೆದುಕೊಳ್ಳುವುದು ಹೇಗೆ?

ಅವರ ಕೈ ತಡೆಯಬೇಡಿ. ‘ನಿಲ್ಲಿ, ತೂಗುತ್ತೇನೆ’ ಎಂದ ಕೂಡಲೇ ಕೈ ಅಳುಕುತ್ತದೆ, ಅಂದಾಜು ಹೋಗುತ್ತದೆ. ಡಬ್ಬಿಗಳನ್ನು ತೂಗಿ. ಅಡುಗೆಗೆ ಮೊದಲು ಅಕ್ಕಿ, ಬೆಲ್ಲ, ಉಪ್ಪು, ಕೊತ್ತಂಬರಿ, ಮೆಣಸು, ಎಣ್ಣೆಯ ಡಬ್ಬಿಗಳನ್ನು ಒಂದೊಂದಾಗಿ ತಕ್ಕಡಿಯ ಮೇಲಿಟ್ಟು ಬರೆದುಕೊಳ್ಳಿ. ಅಡುಗೆ ಮುಗಿದು ಅಮ್ಮ ಕೈ ತೊಳೆದ ಮೇಲೆ ಮತ್ತೆ ತೂಗಿ. ಕಳೆದದ್ದು ಎಷ್ಟೋ ಅಷ್ಟು ಪಾತ್ರೆಗೆ ಬಿದ್ದಿದೆ. ಮೂರು ಬೇರೆ ಬೇರೆ ದಿನ ಹೀಗೆ ಮಾಡಿ.

ನನ್ನ ಅಮ್ಮನ ಪತ್ರೊಡೆಯನ್ನು ನಾನು ಬರೆದುಕೊಂಡದ್ದು ಹೀಗೆ. ಎಂಬತ್ತು ದಾಟಿದ ಅವರು ಬೆರಳು ಮಡಚಿ ಹಿಡಿಹಿಡಿಯಾಗಿ ಕೊತ್ತಂಬರಿ ತೆಗೆದು ಬಾಣಲೆಗೆ ಹಾಕುತ್ತಿದ್ದರು, ಒಮ್ಮೆಯೂ ಪಾತ್ರೆಯ ಕಡೆ ನೋಡಲಿಲ್ಲ. ಮೂರು ಸಲವೂ ಡಬ್ಬಿಯನ್ನು ತೂಗಿದೆ. ಪುಸ್ತಕದಲ್ಲಿ ಆ ಸಾಲು ಈಗಲೂ ಇದೆ: ಕೊತ್ತಂಬರಿ 18 ಗ್ರಾಂ, 17 ಗ್ರಾಂ, 18 ಗ್ರಾಂ.